ನಮ್ಮ ನಾಲ್ಕು ತಾಲ್ಲೂಕುಗಳ ಲೇವಾದೇವಿಯೂ ತಿಳಿವಳಿಕೆಯೆಂಬ ಬಂಡವಾಳವೂ

ಪರರ ಕೈಸೇರಿದ ಹಣವೂ ಪುಸ್ತಕದೊಳಗೇ ಉಳಿದ ವಿದ್ಯೆಯೂ ಕಾರ್ಯಕಾಲಕ್ಕೆ ಒದಗಲಾರವೆಂಬ ನೀತಿಯನ್ನು ಪಾಠಶಾಲೆಯ ಮೊದಲ ವರ್ಷಗಳಲ್ಲಿಯೇ ನಮ್ಮ ಗುರುಗಳು ನಮಗೆ ಬಾಯಿಪಾಠ ಮಾಡಿಸಿದ್ದರು. ಅಂದು ಅದು ನಾಲಗೆಗೆ ತಿಳಿದಿತ್ತೇ ಹೊರತು ಮನಸ್ಸಿಗೆ ತಿಳಿದಿರಲಿಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದು, ಈಗ ವಿಶ್ರಾಂತಿವೇತನಕ್ಕಾಗಿ ತಿಂಗಳಿಗೊಮ್ಮೆ ಬ್ಯಾಂಕಿನ ಬೆಂಚಿನ ಮೇಲೆ ಕುಳಿತುಕೊಳ್ಳುವಂತಾದ ಮೇಲೆ ಆ ಮಾತು ಮತ್ತೆ ನೆನಪಿಗೆ ಬಂದಿತು. ಬ್ಯಾಂಕೆಂಬ ಸಂಸ್ಥೆಯ ಹಣವು ಬಹುಮಟ್ಟಿಗೆ ಪರರ ಕೈಯಲ್ಲಿರುವುದು. ಅದರ ವಿದ್ಯೆಯು ಬಹುಮಟ್ಟಿಗೆ ಪುಸ್ತಕದಲ್ಲಿರುವುದು. ನೀತಿಕಾರನು ನೆಚ್ಚಬೇಡವೆಂದ ಎರಡನ್ನೇ ನೆಚ್ಚಿಕೊಂಡಿರುವ ಈ ಸಂಸ್ಥೆಯು ಬಾಳುವುದಾದರೂ ಹೇಗೆ? ಕೆಲವು ಕಡೆ ಏಳಿಗೆ ಹೊಂದಿ, ಕೆಲವು ಕಡೆ ಕೆಟ್ಟುಹೋಗುವುದಕ್ಕೆ ಕಾರಣವೇನು?

ಈ ಪ್ರಶ್ನೆಗೆ ಉತ್ತರವನ್ನು ಅರ್ಥಶಾಸ್ತ್ರಜ್ಞರ ಗ್ರಂಥಗಳಲ್ಲಿ ಹುಡುಕುವುದಕ್ಕೆ ಮೊದಲು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಚರಿತ್ರೆಯಲ್ಲಿಯೇ ಹುಡುಕಿ ನೋಡೋಣವೆಂಬುದು ಈ ಲೇಖನದ ಉದ್ದೇಶ. ನನಗೆ ಕಂಡ ಸಿದ್ಧಾಂತವನ್ನು ಮೊದಲೇ ಅರಿಕೆ ಮಾಡಿಬಿಡುತ್ತೇನೆ. ಲೇವಾದೇವಿಯ ನಿಜವಾದ ಬಂಡವಾಳವು ಬೆಳ್ಳಿಬಂಗಾರವಲ್ಲ. ಸಾಲ ಕೊಳ್ಳುವವನನ್ನೂ ಅವನ ಭೂಮಿಯನ್ನೂ ಫಸಲನ್ನೂ ಕುರಿತ ತಿಳಿವಳಿಕೆ. ಆ ತಿಳಿವಳಿಕೆಯು ಒಬ್ಬನ ತಲೆಯಲ್ಲಿಯೇ ನಿಂತುಬಿಡದೆ, ಪುಸ್ತಕದಲ್ಲಿ ಹೂತುಹೋಗದೆ, ಕೈಯಿಂದ ಕೈಗೆ ಸಾಗುತ್ತಿರುವವರೆಗೆ ಸಂಸ್ಥೆಯು ಬಾಳುತ್ತದೆ. ಸಾಗುವುದು ನಿಂತಾಗ ಕೆಡುತ್ತದೆ.

ಈ ನಾಲ್ಕು ತಾಲ್ಲೂಕುಗಳು ನೆರೆಹೊರೆಯವಾದರೂ ಸ್ವಭಾವದಲ್ಲಿ ಒಂದರಂತೆ ಒಂದಿಲ್ಲ. ಎಡತೊರೆಯ ಸೀಮೆಯಾಗಿದ್ದು ಈಗ ಕೃಷ್ಣರಾಜನಗರವೆನಿಸಿರುವ ಪ್ರಾಂತವು ಕಾವೇರಿಯ ನೀರುಂಡು ಬೆಳೆಯುವ ಬತ್ತದ ನಾಡು. ಚಾಮರಾಜ ನಾಲೆ, ಮಿರ್ಲೆ ನಾಲೆಗಳ ಕೆಳಗಿನ ಗದ್ದೆಯು ಇಂತಿಷ್ಟು ಕೊಡುತ್ತದೆಂದು ಕಣ್ಣಂದಾಜಿನಲ್ಲಿಯೇ ಹೇಳಬಹುದು. ಲಕ್ಷ್ಮಣತೀರ್ಥದ ಹುಣಸೂರೂ ಕೊಡಗಿನ ಗಡಿಯ ಪಿರಿಯಾಪಟ್ಟಣವೂ ಮಳೆಯನ್ನು ನೆಚ್ಚಿದ ಕೆಂಪುನೆಲ, ಹೊಗೆಸೊಪ್ಪಿನ ನೆಲ. ಕಪಿಲೆಯ ಹೆಗ್ಗಡದೇವನಕೋಟೆಯು ರಾಗಿ ಹತ್ತಿಗಳ ಹೊಲವೂ ಕಾಡೂ ಬೆರೆತಿರುವ ಸೀಮೆ; ಜೇನುಕುರುಬರೂ ಬೆಟ್ಟಕುರುಬರೂ ತಲೆತಲಾಂತರದಿಂದ ವಾಸವಾಗಿರುವ ಸ್ಥಳ. ಗದ್ದೆಯವನಿಗೆ ಕೊಟ್ಟ ಸಾಲದ ಲೆಕ್ಕಾಚಾರವು ಮಳೆಯ ಹೊಲದವನಿಗೆ ಹೊಂದದು. ಹೊಲದವನಿಗೆ ಹೊಂದುವುದು ಕಾಡಂಚಿನವನಿಗೆ ಹೊಂದದು. ಆದುದರಿಂದ ಇಲ್ಲಿ ಸಾಲ ಕೊಡುವವನಿಗೆ ಒಂದೇ ಅಳತೆಗೋಲು ಸಾಲದು.

ಬ್ಯಾಂಕುಗಳು ಬರುವುದಕ್ಕೆ ಮೊದಲು ಈ ತಿಳಿವಳಿಕೆಯು ಇಬ್ಬರಲ್ಲಿ ನೆಲೆಸಿತ್ತು. ಒಬ್ಬನು ಸಾಹುಕಾರ, ಮತ್ತೊಬ್ಬನು ಶಾನುಭೋಗ. ಯಾರ ಹೊಲಕ್ಕೆ ಯಾವ ಎಲ್ಲೆ, ಯಾರ ಕಂದಾಯ ಬಾಕಿ, ಯಾರ ಮನೆಯಲ್ಲಿ ಈ ವರ್ಷ ಮದುವೆ, ಯಾರು ಆಡಿದ ಮಾತಿಗೆ ತಪ್ಪುವವರು ಎಂಬುದೆಲ್ಲವೂ ಇವರಿಗೆ ಕರತಲಾಮಲಕವಾಗಿತ್ತು. ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಎಣಿಸುವಾಗ ಋಣಾದಾನವನ್ನೇ ಮೊದಲಿಟ್ಟರು. ಯಾಜ್ಞವಲ್ಕ್ಯನು ಸಾಲಪತ್ರದಲ್ಲಿ ಏನೇನನ್ನು ಬರೆಯಬೇಕು, ಸಾಕ್ಷಿಗಳು ಹೇಗಿರಬೇಕೆಂಬುದನ್ನು ವಿಸ್ತಾರವಾಗಿ ಹೇಳಿರುವನು. ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದವನು, ನಮ್ಮ ನಾಡಿನವನೇ. ಪತ್ರವೂ ಬೇಕು, ಸಾಕ್ಷಿಯೂ ಬೇಕು ಎಂಬ ಅವರ ಏರ್ಪಾಡಿನ ಒಳಗುಟ್ಟೇನು? ಬರಹವೊಂದೇ ಸಾಲದು, ಬರಹದ ಹಿಂದಿರುವ ಮನುಷ್ಯನನ್ನು ಬಲ್ಲವರೂ ಬೇಕು ಎಂಬುದೇ ಅಲ್ಲವೆ?

ಆದರೆ ಹಳೆಯದೆಲ್ಲವೂ ಹೊನ್ನೆಂದು ನಾನು ಹೇಳುವವನಲ್ಲ. ಸಾಹುಕಾರನ ತಿಳಿವಳಿಕೆಯು ಅವನೊಬ್ಬನ ಸ್ವತ್ತಾಗಿತ್ತು. ಬಲ್ಲವನು ಒಬ್ಬನೇ ಆದಾಗ ಬಡ್ಡಿಯನ್ನು ಕಟ್ಟುವವನೂ ಅವನೊಬ್ಬನೇ. ಭೋಗ್ಯಕ್ಕೆ ಹೋದ ಹೊಲವು ಮಗನ ಕಾಲಕ್ಕೂ ಹಿಂದಿರುಗದೆ ಹೋದುದನ್ನು ಕಂಡ ಹಿರಿಯರು ನಮ್ಮ ಪ್ರತಿಯೊಂದು ಗ್ರಾಮದಲ್ಲಿಯೂ ಇದ್ದರು. ಅರಿವು ಹಂಚಿಕೆಯಾಗದಿದ್ದರೆ ಅದು ಅಂಕುಶವಾಗುತ್ತದೆ.

ಈ ಅಂಕುಶವನ್ನು ಸಡಿಲಿಸುವ ಪ್ರಯತ್ನವು ಮೈಸೂರು ಸಂಸ್ಥಾನದಲ್ಲಿ ಬಹು ಬೇಗನೆ ಪ್ರಾರಂಭವಾಯಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ೧೮೯೪ರಲ್ಲಿ, ರೈತರಿಗೆ ಹಿತಮಿತವಾದ ಬಡ್ಡಿಗೆ ಸಾಲವು ದೊರೆಯಲೆಂದು ಕೃಷಿ ಬ್ಯಾಂಕುಗಳ ಏರ್ಪಾಡಾಯಿತು. ಸರ್ಕಾರದ ಹಣವಿತ್ತು, ಸದುದ್ದೇಶವಿತ್ತು. ಆದರೂ ಅವು ಬಹುಕಾಲ ನಿಲ್ಲಲಿಲ್ಲ. ಹಣವು ಮೇಲಿನಿಂದ ಇಳಿದು ಬಂದರೂ, ಕೊಳ್ಳುವವನನ್ನು ಕುರಿತ ಅರಿವು ಅದರೊಡನೆ ಇಳಿದು ಬರಲಾರದು. ಅದು ಕೆಳಗಿನಿಂದಲೇ ಹುಟ್ಟಬೇಕು.

ಈ ಸತ್ಯವನ್ನು ಜರ್ಮನಿಯಲ್ಲಿ ರೈಫೈಸೆನ್ ಎಂಬ ಮಹನೀಯನು ಅದಕ್ಕೂ ಮೊದಲೇ ಕಂಡುಕೊಂಡಿದ್ದನು. ೧೮೧೮ರಿಂದ ೧೮೮೮ರವರೆಗೆ ಬಾಳಿದ ಆತನು ಕಟ್ಟಿದ ಸಾಲದ ಸಂಘಗಳ ಎಲ್ಲೆಯು ಒಂದು ಗ್ರಾಮ ಅಥವಾ ಒಂದೆರಡು ನೆರೆಯ ಗ್ರಾಮಗಳು ಮಾತ್ರ. ಸದಸ್ಯರೆಲ್ಲರ ಹೊಣೆಗೆ ಮಿತಿಯಿಲ್ಲ. ಒಬ್ಬನು ತಪ್ಪಿದರೆ ಎಲ್ಲರ ಆಸ್ತಿಯೂ ಗುರಿಯಾಗುವುದು. ಆದುದರಿಂದ ಪ್ರತಿಯೊಬ್ಬನೂ ನೆರೆಯವನನ್ನು ಅರಿತಿರಲೇಬೇಕಾಯಿತು. ಆತನು ಮಾಡಿದುದು ಇಷ್ಟೇ: ಸಾಹುಕಾರನೊಬ್ಬನ ತಲೆಯಲ್ಲಿದ್ದ ತಿಳಿವಳಿಕೆಯನ್ನು ಊರಿನ ಪಂಗಡಕ್ಕೆ ಹಂಚಿದನು. ಭಾರತದಲ್ಲಿ ೧೯೦೪ರಲ್ಲಿ ಸಹಕಾರ ಸಂಘಗಳ ಕಾಯಿದೆಯು ಬಂದಿತು. ಮರುವರ್ಷವೇ, ೧೯೦೫ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಮೈಸೂರು ಸರ್ಕಾರದವರೂ ತಮ್ಮದೇ ಆದ ಸಹಕಾರ ಕಾನೂನನ್ನು ಜಾರಿಗೆ ತಂದರು. ಇಂದು ನಮ್ಮ ಹಳ್ಳಿಗಳಲ್ಲಿ ಗೊಬ್ಬರ, ಬಿತ್ತನೆ, ಪಡಿತರಗಳಿಗಾಗಿ ಜನರು ಸಾಲುಗಟ್ಟಿ ನಿಲ್ಲುವ ಸಹಕಾರ ಸಂಘಗಳು ಆ ವೃಕ್ಷದ ಕೊಂಬೆಗಳೇ.

ಬಳಿಕ ಬಂದುದು ಮೈಸೂರು ಬ್ಯಾಂಕು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ ೧೯೧೧ರಲ್ಲಿ ಪ್ರಾರಂಭವಾದ ಮೈಸೂರು ಸಂಪದಭ್ಯುದಯ ಸಮಾಜದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಂದಾಗಿ ನಡೆಸಿದ ಸಮಾಲೋಚನೆಯ ಫಲವಾಗಿ ೧೯೧೩ರಲ್ಲಿ ಈ ಬ್ಯಾಂಕು ತೆರೆಯಿತು. ಎರಡೇ ವರ್ಷಗಳ ತರುವಾಯ, ೧೯೧೫ರಲ್ಲಿ, ಅದೇ ಸಮಾಜದ ಪ್ರೇರಣೆಯಿಂದ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತೆಂಬುದನ್ನು ಸಾಹಿತ್ಯಾಭಿಮಾನಿಗಳಾದ ವಾಚಕರು ನೆನೆಯಬೇಕು. ಹಣದ ಮನೆಯೂ ನುಡಿಯ ಮನೆಯೂ ಒಂದೇ ತಾಯಿಯ ಮಕ್ಕಳು. ಸಂಪತ್ತಿನ ಅಭ್ಯುದಯಕ್ಕೆ ಜ್ಞಾನದ ಅಭ್ಯುದಯವೂ ಬೇಕೆಂಬ ದೃಷ್ಟಿಯು ಆ ಹಿರಿಯರಿಗೆ ಇದ್ದಿತು.

ಇಷ್ಟಾದರೂ ಹಳ್ಳಿಯ ರೈತನಿಗೆ ಬ್ಯಾಂಕು ದೂರವೇ ಆಗಿತ್ತು. ರಿಸರ್ವ್ ಬ್ಯಾಂಕಿನವರು ೧೯೫೧–೫೨ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯ ವರದಿಯು ೧೯೫೪ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ರೈತರು ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ೩.೧, ವಾಣಿಜ್ಯ ಬ್ಯಾಂಕುಗಳ ಪಾಲು ನೂರಕ್ಕೆ ೦.೯, ಲೇವಾದೇವಿಗಾರರ ಪಾಲು ನೂರಕ್ಕೆ ಸುಮಾರು ೭೦. ಅರ್ಧ ಶತಮಾನದ ಪ್ರಯತ್ನದ ಅನಂತರವೂ ಸಾಹುಕಾರನೇ ಗೆದ್ದಿದ್ದನು. ಅವನ ಬಡ್ಡಿಯು ಹೆಚ್ಚು. ಆದರೆ ಅವನು ನಡುರಾತ್ರಿಯಲ್ಲಿ ಬಾಗಿಲು ತಟ್ಟಿದರೂ ಮುಖ ನೋಡಿ ಗುರುತಿಸುತ್ತಿದ್ದನು. ಬ್ಯಾಂಕಿಗೆ ಮುಖ ಗೊತ್ತಿರಲಿಲ್ಲ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಡೆದ ಎರಡು ಮಹತ್ತಾದ ಸುಧಾರಣೆಗಳನ್ನು ಇಲ್ಲಿ ಹೇಳಬೇಕು. ೧೯೬೧ರ ಕಾಯಿದೆಯು ವಂಶಪರಂಪರೆಯ ಗ್ರಾಮಾಧಿಕಾರಗಳನ್ನು ರದ್ದುಮಾಡಿತು, ಶಾನುಭೋಗಿಕೆಯು ಮುಗಿಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ೧೯೧೫ರಲ್ಲಿ ಹುಟ್ಟಿದ ಶ್ರೀ ಡಿ. ದೇವರಾಜ ಅರಸರವರು ಮುಖ್ಯಮಂತ್ರಿಗಳಾಗಿದ್ದಾಗ ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿಯೂ ೧೯೭೬ರಲ್ಲಿ ಋಣಪರಿಹಾರದ ಕಾಯಿದೆಯೂ ಜಾರಿಗೆ ಬಂದುವು. ಗೇಣಿದಾರನು ಒಡೆಯನಾದನು, ಸಣ್ಣ ರೈತನೂ ಕೂಲಿಯವನೂ ಸಾಹುಕಾರನ ಸಾಲದಿಂದ ಬಿಡುಗಡೆ ಹೊಂದಿದರು. ಇವು ನ್ಯಾಯವಾದ ಕಾರ್ಯಗಳೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಇತಿಹಾಸಕಾರನು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಾನುಭೋಗನೂ ಸಾಹುಕಾರನೂ ಹಿಂದೆ ಸರಿದಾಗ ಅವರ ತಲೆಯಲ್ಲಿದ್ದ ತಿಳಿವಳಿಕೆಯೂ ಅವರೊಡನೆಯೇ ಹೊರಟುಹೋಯಿತು. ಹೊಸದಾಗಿ ಭೂಮಿಯನ್ನು ಪಡೆದವನಿಗೆ ಸಾಲ ಬೇಕಾಗಿತ್ತು. ಅವನನ್ನು ಬಲ್ಲ ಸಂಸ್ಥೆಯು ಇನ್ನೂ ಸಿದ್ಧವಾಗಿರಲಿಲ್ಲ.

ಆ ತೆರವನ್ನು ತುಂಬಲು ಬಂದುವು ರಾಷ್ಟ್ರೀಕೃತ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ. ೧೯೬೯ರಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದುವು. ಅವುಗಳಲ್ಲಿ ಎರಡು, ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕು, ನಮ್ಮ ಕರಾವಳಿಯವು. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿ, ಮನೆಮನೆಗೆ ದಿನವೂ ಆಳನ್ನು ಕಳುಹಿಸಿ ಎರಡೆರಡಾಣೆಯನ್ನು ಕೂಡಿಸುತ್ತಿದ್ದಿತು. ಜನರು ಆಣೆಯನ್ನು ಮಾತ್ರ ಎಣಿಸಿದರು. ಆದರೆ ದಿನವೂ ಹೊಸ್ತಿಲವರೆಗೆ ಹೋಗಿ ಬರುವವನು ಆ ಮನೆಯ ಏಳುಬೀಳುಗಳನ್ನೂ ತಿಳಿದು ಬರುತ್ತಿದ್ದನು. ಇನ್ನು ಗ್ರಾಮೀಣ ಬ್ಯಾಂಕುಗಳು ೧೯೭೫ರಲ್ಲಿ ಪ್ರಾರಂಭವಾದಾಗ ಅವುಗಳ ಮೂಲತತ್ತ್ವವೇ ಇದಾಗಿತ್ತು: ಸಹಕಾರ ಸಂಘದ ಊರಪರಿಚಯವೂ ವಾಣಿಜ್ಯ ಬ್ಯಾಂಕಿನ ವ್ಯವಹಾರಕೌಶಲವೂ ಒಂದೆಡೆ ಕೂಡಬೇಕು, ಸಿಬ್ಬಂದಿಯು ಆಯಾ ಸೀಮೆಯವರಾಗಿರಬೇಕು. ಮೈಸೂರು ಬ್ಯಾಂಕಿನ ಆಶ್ರಯದಲ್ಲಿ ೧೯೭೬ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕು ಮೈಸೂರಿನಲ್ಲಿ ಪ್ರಾರಂಭವಾಯಿತು. ನಾನು ಬಾಲಕನಾಗಿದ್ದಾಗ ಬ್ಯಾಂಕಿನ ಮೆಟ್ಟಿಲನ್ನೇ ಏರದಿದ್ದ ಜನರು, ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಅದರ ಅಧಿಕಾರಿಯೊಡನೆ ಮಳೆಬೆಳೆಯ ಮಾತನಾಡುತ್ತ ನಿಲ್ಲುವಂತಾದುದನ್ನು ನಾನೇ ಕಂಡಿದ್ದೇನೆ.

ತಿಳಿವಳಿಕೆಯನ್ನು ಕ್ರಮವಾಗಿ ಕಟ್ಟಿದರೆ ಹಣದ ದಾರಿಯು ಹೇಗೆ ಸುಗಮವಾಗುತ್ತದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಪ್ರತ್ಯಕ್ಷ ದೃಷ್ಟಾಂತವುಂಟು, ಅದು ಹೊಗೆಸೊಪ್ಪು. ೧೯೫೭ರಲ್ಲಿ ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ನಮ್ಮ ಹಗುರವಾದ ಕೆಂಪುಮಣ್ಣಿನಲ್ಲಿ ವರ್ಜೀನಿಯಾ ಜಾತಿಯ ಸೊಪ್ಪು ಚೆನ್ನಾಗಿ ಬಂದಿತು. ೧೯೭೬ರಲ್ಲಿ ತಂಬಾಕು ಮಂಡಳಿಯು ಪ್ರಾರಂಭವಾಯಿತು. ೧೯೮೪ರಲ್ಲಿ ಕರ್ನಾಟಕದಲ್ಲಿ ಹರಾಜಿನ ಪದ್ಧತಿಯು ಬಂದಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹರಾಜು ಕಟ್ಟೆಗಳನ್ನು ಕಾಣದವರು ಈ ಕಡೆ ಯಾರಿದ್ದಾರೆ? ಬೆಳೆಗಾರನ ಹೆಸರು ಮಂಡಳಿಯಲ್ಲಿ ನೋಂದಣಿಯಾಗಿರುತ್ತದೆ. ಸೊಪ್ಪನ್ನು ಬೇಯಿಸುವ ಅವನ ಬ್ಯಾರನ್ನಿಗೆ ಪರವಾನಗಿಯುಂಟು. ಎಷ್ಟು ಸೊಪ್ಪು ಬೆಳೆಯಬಹುದೆಂಬುದು ಗೊತ್ತಾಗಿರುತ್ತದೆ. ಬ್ಯಾಂಕಿನವರು ಇದನ್ನು ನೋಡಿ ಸಾಲ ಕೊಡುತ್ತಾರೆ. ಸೊಪ್ಪು ಮಾರಾಟವಾದಾಗ ಬಂದ ಹಣದಿಂದಲೇ ಸಾಲವು ಮುರಿದುಕೊಳ್ಳಲ್ಪಡುತ್ತದೆ. ಬೆಳೆಸುವವನು, ಕೊಳ್ಳುವವನು, ಸಾಲ ಕೊಡುವವನು, ಈ ಮೂವರ ತಿಳಿವಳಿಕೆಯೂ ಒಂದೇ ದಾರದಲ್ಲಿ ಪೋಣಿಸಿದಂತಾಯಿತು. ರಾಗಿ ಬೆಳೆಯುವವನಿಗೂ ಜೋಳ ಬೆಳೆಯುವವನಿಗೂ ಇಂತಹ ದಾರವಿಲ್ಲ.

ಆದರೆ ಈ ದಾರಕ್ಕೂ ಒಂದು ದೋಷವುಂಟು. ಅದು ನಂಬರಿದ್ದವನನ್ನು ಮಾತ್ರ ಕಾಣುತ್ತದೆ. ಪರವಾನಗಿಯಿಲ್ಲದೆ ಬೆಳೆಯುವವನೂ, ಇನ್ನೊಬ್ಬರ ಬ್ಯಾರನ್ನನ್ನು ಗುತ್ತಿಗೆಗೆ ಹಿಡಿದು ಬೆವರು ಸುರಿಸುವವನೂ ಅದರ ಕಣ್ಣಿಗೆ ಬೀಳುವುದಿಲ್ಲ. ಅವರು ಕೈಸಾಲಕ್ಕೆ ಹೋಗಬೇಕು. ಮೇಲಾಗಿ ಲೋಕವೇ ಹೊಗೆಸೊಪ್ಪನ್ನು ಬಿಡಬೇಕೆಂದು ನಿಶ್ಚಯಿಸುತ್ತಿದೆ. ತಂಬಾಕಿನ ನಿಯಂತ್ರಣಕ್ಕಾಗಿ ಏರ್ಪಟ್ಟ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು ೨೦೦೪ರಲ್ಲಿಯೇ ಒಪ್ಪಿಕೊಂಡಿದೆ. ನಾಳೆ ಈ ರೈತನು ಬೇರೆ ಬೆಳೆಗೆ ತಿರುಗಿದಾಗ, ಬ್ಯಾರನ್ನಿನ ನಂಬರಿನಿಂದಲೇ ಅವನನ್ನು ಗುರುತಿಸುತ್ತಿದ್ದ ಬ್ಯಾಂಕು ಅವನನ್ನು ಹೇಗೆ ಗುರುತಿಸುವುದು? ಮನುಷ್ಯನನ್ನು ಅರಿಯದೆ ಬೆಳೆಯನ್ನು ಮಾತ್ರ ಅರಿತರೆ ಬರುವ ಕಷ್ಟವಿದು.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ಕಾಡಂಚಿನ ಹೆಗ್ಗಡದೇವನಕೋಟೆಯದು. ಟಿಬೆಟ್ಟಿನ ನಿರಾಶ್ರಿತರ ಪುನರ್ವಸತಿಗಾಗಿ ೧೯೬೮ರಲ್ಲಿ ಹುಟ್ಟಿದ ಮೈರಾಡಾ ಸಂಸ್ಥೆಯು ತರುವಾಯ ಬಡವರ ನಡುವೆ ಕೆಲಸ ಮಾಡತೊಡಗಿತು. ಹೆಗ್ಗಡದೇವನಕೋಟೆಯು ಅದರ ಕಾರ್ಯಕ್ಷೇತ್ರಗಳಲ್ಲಿ ಒಂದು. ೧೯೮೦ರ ದಶಕದ ನಡುವಿನಲ್ಲಿ ಆ ಸಂಸ್ಥೆಯ ಕ್ಷೇತ್ರಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆಯುಳ್ಳ ಹತ್ತಿಪ್ಪತ್ತು ಮಂದಿಯ ಸಣ್ಣ ಗುಂಪುಗಳು ತಾವಾಗಿ ಏರ್ಪಟ್ಟುವು. ವಾರವಾರವೂ ಕೂಡಿ ಕುಳಿತು, ಉಳಿಸಿದ ಹಣವನ್ನು ಒಟ್ಟುಮಾಡಿ, ಯಾರಿಗೆ ಕೊಡಬಹುದು ಯಾರಿಗೆ ಕೊಡಬಾರದೆಂಬುದನ್ನು ಎದುರೆದುರೇ ನಿರ್ಣಯಿಸುತ್ತಿದ್ದರು. ನಬಾರ್ಡ್ ಸಂಸ್ಥೆಯು ಈ ಬಗೆಯ ಕಾರ್ಯವನ್ನು ಗಮನಿಸಿ ೧೯೯೨ರಲ್ಲಿ ೫೦೦ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ದೇಶದಲ್ಲಿ ಕೈಗೊಂಡಿತು. ಪಹಣಿಯಿಲ್ಲದವಳಿಗೆ, ಜಾಮೀನಿಲ್ಲದವಳಿಗೆ, ಅಕ್ಷರ ಬಾರದವಳಿಗೆ ಬ್ಯಾಂಕು ಸಾಲ ಕೊಟ್ಟಿತು. ಏಕೆಂದರೆ ಅವಳನ್ನು ಬಲ್ಲ ಹದಿನೈದು ಮಂದಿ ಹೆಂಗಸರು ಅವಳ ಹಿಂದೆ ಇದ್ದರು. ರೈಫೈಸೆನ್ನನ ತತ್ತ್ವವು ನೂರು ವರ್ಷಗಳ ಮೇಲೆ ನಮ್ಮ ಹೆಂಗಸರ ಜಗಲಿಯಲ್ಲಿ ಮರುಹುಟ್ಟು ಪಡೆಯಿತು.

ಈಗ ಸ್ವಲ್ಪ ಶಾಸ್ತ್ರವಿಚಾರ. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಮೈಕೇಲ್ ಪೊಲಾನ್ಯಿ ಎಂಬ ವಿದ್ವಾಂಸನು ೧೯೬೬ರ ತನ್ನ ಗ್ರಂಥದಲ್ಲಿ, ಮನುಷ್ಯನು ಬಲ್ಲದ್ದೆಲ್ಲವೂ ಮಾತಿಗೆ ಸಿಕ್ಕುವುದಿಲ್ಲವೆಂದು ಪ್ರತಿಪಾದಿಸಿದನು. ಜಪಾನಿನ ನೊನಾಕ, ತಾಕೆಉಚಿ ಎಂಬಿಬ್ಬರು ೧೯೯೫ರಲ್ಲಿ ಆ ಮಾತನ್ನು ವ್ಯವಹಾರ ಸಂಸ್ಥೆಗಳಿಗೆ ಅನ್ವಯಿಸಿ, ನುಡಿಗೆ ಬಾರದ ಅರಿವನ್ನು ನುಡಿಗೆ ತಂದು, ನುಡಿಯ ಅರಿವನ್ನು ಮತ್ತೆ ಕೈಗೂಡಿಸುವ ಸಂಸ್ಥೆಯೇ ಮುಂದಾಗುವುದೆಂದು ತೋರಿಸಿದರು. ಜ್ಞಾನನಿರ್ವಹಣೆಯೆಂದು ಇಂದು ಇದಕ್ಕೆ ಹೆಸರು. ನಮ್ಮ ಪಾಠಶಾಲೆಯವರಿಗೆ ಇದು ತೀರ ಹೊಸದಲ್ಲ. ನೈಷಧಕಾವ್ಯದ ಕರ್ತೃವಾದ ಶ್ರೀಹರ್ಷನು, ಓದುವುದು, ಅರಿಯುವುದು, ನಡೆಸುವುದು, ಪರರಿಗೆ ಹರಡುವುದು ಎಂಬ ನಾಲ್ಕು ಅವಸ್ಥೆಗಳನ್ನು ವಿದ್ಯೆಗೆ ಹೇಳಿರುವನು. ವೇದಾಧ್ಯಾಯಿಗಳು ಒಂದೇ ಮಂತ್ರವನ್ನು ಪದ, ಕ್ರಮ, ಜಟೆ, ಘನಗಳೆಂದು ಹಿಂದುಮುಂದಾಗಿ ಹೇಳಿ ಅಭ್ಯಾಸ ಮಾಡುವುದೇಕೆ? ಗುರುವಿನಿಂದ ಶಿಷ್ಯನಿಗೆ ದಾಟುವಾಗ ಒಂದಕ್ಷರವೂ ಜಾರಬಾರದೆಂದು. ದಾಟಿಸುವ ಕ್ರಮವಿಲ್ಲದ ವಿದ್ಯೆಯು ಗುರುವಿನೊಡನೆಯೇ ಮುಗಿಯುತ್ತದೆ.

ಈ ಕಣ್ಣಿನಿಂದ ಈಚಿನ ಇಪ್ಪತ್ತೈದು ವರ್ಷಗಳನ್ನು ನೋಡಿದರೆ ಲಾಭವೂ ನಷ್ಟವೂ ಒಟ್ಟಿಗೆ ಕಾಣುತ್ತವೆ. ಭೂಮಿ ಎಂಬ ಯೋಜನೆಯಿಂದ ೨೦೦೦ದ ವರ್ಷದ ಆಸುಪಾಸಿನಲ್ಲಿ ಕರ್ನಾಟಕದ ಸುಮಾರು ೬೭ ಲಕ್ಷ ಭೂಮಾಲೀಕರ ಸುಮಾರು ೨ ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದುವು. ಒಂದು ಪಹಣಿಗಾಗಿ ಗ್ರಾಮಲೆಕ್ಕಿಗನ ಮನೆಗೆ ಹತ್ತು ಸಲ ಅಲೆಯುವುದು ತಪ್ಪಿತು. ಒಂದೇ ಹೊಲವನ್ನು ಇಬ್ಬರಿಗೆ ಆಧಾರ ಮಾಡುವ ಮೋಸವೂ ಕಷ್ಟವಾಯಿತು. ಬ್ಯಾಂಕುಗಳ ಲೆಕ್ಕವೂ ಕಂಪ್ಯೂಟರಿನಲ್ಲಿ ಒಂದಾಗಿ, ಹುಣಸೂರಿನ ಖಾತೆಯ ಹಣವನ್ನು ಕಾಶಿಯಲ್ಲಿ ತೆಗೆಯುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಅದೇ ಕಾಲದಲ್ಲಿ ಸಂಸ್ಥೆಗಳು ಒಂದರಲ್ಲೊಂದು ಲೀನವಾದುವು. ೧೯೬೦ರಿಂದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎನಿಸಿದ್ದ ನಮ್ಮ ಮೈಸೂರು ಬ್ಯಾಂಕು ೨೦೧೭ರ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಕಾವೇರಿ ಗ್ರಾಮೀಣ ಬ್ಯಾಂಕು ಹಲವು ಹೆಸರುಗಳನ್ನು ದಾಟಿ, ೨೦೧೯ರಲ್ಲಿ ಬಳ್ಳಾರಿಯನ್ನು ಕೇಂದ್ರವಾಗುಳ್ಳ ಬ್ಯಾಂಕಿನ ಭಾಗವಾಯಿತು. ೨೦೨೫ರ ಮೇ ತಿಂಗಳಿನಿಂದ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕು. ಲೆಕ್ಕದ ಪುಸ್ತಕಗಳು ಒಂದಕ್ಷರವೂ ಜಾರದೆ ದಾಟಿದುವು. ಲೆಕ್ಕದಲ್ಲಿ ಬರೆಯದ ಅರಿವು ದಾಟಿತೆ? ಅದಕ್ಕೆ ಪದಪಾಠವಿತ್ತೆ, ಕ್ರಮಪಾಠವಿತ್ತೆ?

ನನ್ನ ಅನುಭವದ ಒಂದು ಸಂಗತಿಯನ್ನು ಇಲ್ಲಿ ನಿವೇದಿಸುತ್ತೇನೆ. ಹದಿನೈದು ವರ್ಷಗಳ ಹಿಂದಿನ ಮಾತು; ಊರಿನ ಹೆಸರಾಗಲಿ ಬ್ಯಾಂಕಿನ ಹೆಸರಾಗಲಿ ಬೇಡ. ನಾನು ಮುಖ್ಯೋಪಾಧ್ಯಾಯನಾಗಿದ್ದ ಗ್ರಾಮದಲ್ಲಿ ಒಂದೇ ಹೆಸರಿನ ಇಬ್ಬರು ರೈತರಿದ್ದರು. ಅವರ ತಂದೆಗಳ ಹೆಸರೂ ಒಂದೇ. ಊರಿನವರು ಒಬ್ಬನನ್ನು ಕೆರೆಯ ಕಡೆಯವನೆಂದೂ ಇನ್ನೊಬ್ಬನನ್ನು ಗುಡಿಯ ಕಡೆಯವನೆಂದೂ ಕರೆಯುತ್ತಿದ್ದರು. ಬ್ಯಾಂಕಿನ ಜವಾನನು ಅದೇ ಊರಿನವನು. ಇಪ್ಪತ್ತು ವರ್ಷ ಆ ಶಾಖೆಯಲ್ಲಿದ್ದವನು. ಅವನಿರುವವರೆಗೆ ಕೆರೆಯೂ ಗುಡಿಯೂ ಬೆರೆಯಲಿಲ್ಲ. ಅವನು ನಿವೃತ್ತನಾದ ವರ್ಷವೇ ಹೊಸ ಅಧಿಕಾರಿಗಳು ಪರಪ್ರಾಂತದಿಂದ ಬಂದರು. ಗುಡಿಯ ಕಡೆಯವನ ಸಾಲವು ಸುಸ್ತಿಯಾಗಿತ್ತು. ಮುಂಗಾರಿನ ಜೋಳಕ್ಕೆ ಸಾಲ ಕೇಳಲು ಹೋದವನು ಕೆರೆಯ ಕಡೆಯವನು. ಹಳೆಯ ಬಾಕಿಯನ್ನು ಕಟ್ಟದ ಹೊರತು ಕೊಡಲಾಗದೆಂದು ಅವನನ್ನು ಹಿಂದಕ್ಕೆ ಕಳುಹಿಸಿದರು. ಅವನಿಗೆ ಬ್ಯಾರನ್ನೂ ಇರಲಿಲ್ಲ, ಬ್ಯಾರನ್ನಿನ ನಂಬರೂ ಇರಲಿಲ್ಲ; ಇದ್ದಿದ್ದರೆ ಈ ತೊಡಕು ಬರುತ್ತಿರಲಿಲ್ಲವೇನೋ. ಒಂದು ಸಂಜೆ ಅವನು ನಮ್ಮ ಮನೆಯ ಜಗಲಿಗೆ ಬಂದು ಕುಳಿತು, ಬಹಳ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ನಾನು ಯಾರು ಅಂತ ನೀವೇ ಒಸಿ ಬರ್ಕೊಡಿ" ಎಂದನು.

ನಾನು ಶಾಲೆಯ ದಾಖಲಾತಿ ಪುಸ್ತಕವನ್ನು ಹುಡುಕಿಸಿದೆನು. ಇಬ್ಬರೂ ನಮ್ಮ ಶಾಲೆಯಲ್ಲಿಯೇ ಮೂರನೆಯ ತರಗತಿಯವರೆಗೆ ಓದಿದ್ದರು. ಹುಟ್ಟಿದ ದಿನವೂ ಸೇರಿದ ವರ್ಷವೂ ಬೇರೆ ಬೇರೆಯಾಗಿದ್ದುವು. ಅದರ ನಕಲನ್ನು ಬರೆದು ಮೊಹರು ಹಾಕಿ, ಅವನೊಡನೆ ನಾನೂ ಬ್ಯಾಂಕಿಗೆ ಹೋದೆನು. ಅಧಿಕಾರಿಗಳು ಸಜ್ಜನರು, ನೋಡಿ ಒಪ್ಪಿದರು. ಆದರೆ ಮೇಲಿನ ಕಚೇರಿಗೆ ಬರೆದು ಉತ್ತರ ಬರುವ ವೇಳೆಗೆ ಐದು ವಾರಗಳು ಕಳೆದುವು. ಮಳೆಯು ಐದು ವಾರ ಕಾಯುವುದಿಲ್ಲ. ಅಷ್ಟರಲ್ಲಿ ಅವನು ಬಿತ್ತನೆಗೆಂದು ಕೈಸಾಲ ಮಾಡಿದ್ದನು; ಅದನ್ನು ತೀರಿಸಲು ಎರಡು ವರ್ಷ ಹಿಡಿಯಿತು, ಒಂದು ಜೊತೆ ಎತ್ತೂ ಹೋದುವು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪುಸ್ತಕದಲ್ಲಿದ್ದುದನ್ನು ಅವರು ನೋಡಿದರು. ಇಲ್ಲದುದನ್ನು ನೋಡುವುದು ಹೇಗೆ? ಇಪ್ಪತ್ತು ವರ್ಷಗಳಲ್ಲಿ ಆ ಜವಾನನನ್ನು ಕೂರಿಸಿಕೊಂಡು "ನಿನಗೆ ಗೊತ್ತಿರುವುದನ್ನು ಹೇಳು, ಬರೆದುಕೊಳ್ಳುತ್ತೇವೆ" ಎಂದು ಯಾರೂ ಕೇಳಲಿಲ್ಲ. ಅವನು ಹೊರಟಾಗ ಹಾರ ಹಾಕಿ ಕಳುಹಿಸಿದರು. ಬ್ಯಾಂಕಿನ ಅರ್ಧ ತಿಳಿವಳಿಕೆಯು ಆ ಹಾರದೊಡನೆ ಬಾಗಿಲು ದಾಟಿಹೋಯಿತು.

ಇದು ಒಬ್ಬ ರೈತನ ಕಥೆಯಲ್ಲವೆ, ಇದನ್ನು ಸಂಸ್ಥೆಯ ಏಳುಬೀಳಿಗೆ ಏಕೆ ಹಚ್ಚಬೇಕೆಂದು ಕೆಲವರು ಕೇಳಬಹುದು. ತಪ್ಪಿದವನಿಗೂ ತಪ್ಪದವನಿಗೂ ಭೇದವನ್ನು ಕಾಣಲಾರದ ಬ್ಯಾಂಕು ಎರಡು ಬಗೆಯಲ್ಲಿ ನಷ್ಟಹೊಂದುತ್ತದೆ: ಕೊಡಬಾರದವನಿಗೆ ಕೊಟ್ಟು ಅಸಲನ್ನು ಕಳೆದುಕೊಳ್ಳುತ್ತದೆ, ಕೊಡಬೇಕಾದವನಿಗೆ ಕೊಡದೆ ಬಡ್ಡಿಯನ್ನೂ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಮೊದಲನೆಯ ನಷ್ಟವು ಲೆಕ್ಕದಲ್ಲಿ ಕಾಣುತ್ತದೆ. ಎರಡನೆಯದು ಎಲ್ಲಿಯೂ ಬರೆಯಲ್ಪಡುವುದಿಲ್ಲ. ಆದರೆ ಅಲ್ಲಿಂದ ತಿರುಗಿ ಬಂದವನು ಎಲ್ಲಿಗೆ ಹೋಗುತ್ತಾನೆ? ಸಣ್ಣ ಸಾಲದ ಖಾಸಗಿ ಕಂಪನಿಗಳವರ ಹಾಗೂ ಬಡ್ಡಿ ವ್ಯಾಪಾರಿಗಳ ವಸೂಲಿಯ ಕಿರುಕುಳವು ಮಿತಿಮೀರಿ, ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರದವರು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ೧೯೭೬ರಲ್ಲಿ ಕಾನೂನಿನಿಂದ ಹಿಂದಕ್ಕೆ ಸರಿಸಿದ ಸಾಹುಕಾರನು, ಬ್ಯಾಂಕು ಜನರನ್ನು ಗುರುತಿಸದಿರುವಲ್ಲೆಲ್ಲ ಹೊಸ ವೇಷದಲ್ಲಿ ಮರಳಿ ಬರುತ್ತಾನೆ.

ಹಾಗಾದರೆ ಮಾಡತಕ್ಕುದೇನು? ಹಳೆಯ ಕಾಲವನ್ನು ಮರಳಿ ತರುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ವರ್ಗಾವಣೆಯೂ ಅವಶ್ಯಕವೇ, ಒಂದೇ ಊರಿನಲ್ಲಿ ಬೇರೂರಿದ ಅಧಿಕಾರಿಯು ಪಕ್ಷಪಾತಿಯಾಗಬಹುದು. ನನಗೆ ತೋರುವ ಮೂರು ಅಲ್ಪ ಕಾರ್ಯಗಳನ್ನು ಮಾತ್ರ ಸೂಚಿಸುತ್ತೇನೆ. ಹೋಗುವ ಅಧಿಕಾರಿಯು ಬರುವ ಅಧಿಕಾರಿಯೊಡನೆ ಒಂದು ವಾರವಾದರೂ ಊರೂರು ತಿರುಗಿ, ಹೊಲವನ್ನೂ ಜನರನ್ನೂ ತೋರಿಸಿ ಹೋಗಲಿ. ಬೀಗದ ಕೈಯನ್ನು ಒಪ್ಪಿಸುವಷ್ಟೇ ಶ್ರದ್ಧೆಯಿಂದ ತಿಳಿವಳಿಕೆಯನ್ನೂ ಒಪ್ಪಿಸಲಿ. ಎರಡನೆಯದಾಗಿ, ಪ್ರತಿಯೊಂದು ಶಾಖೆಯಲ್ಲಿಯೂ ಒಂದು ನೆನಪಿನ ಪುಸ್ತಕವಿರಲಿ. ಯಾವ ಕೆರೆ ಒಡೆದಿದೆ, ಯಾವ ಹಳ್ಳಿಗೆ ಆನೆಯ ಕಾಟ, ಯಾವ ಹೆಸರಿನವರು ಇಬ್ಬರಿದ್ದಾರೆ ಎಂಬುದನ್ನು ಜವಾನನಿಂದ ಹಿಡಿದು ಎಲ್ಲರೂ ಕನ್ನಡದಲ್ಲಿ ಬರೆಯಲಿ, ಬಂದವರೆಲ್ಲರೂ ಓದಲಿ. ಅದರಲ್ಲಿ ಮನೆಗಳ ಗುಟ್ಟನ್ನು ಬರೆಯುವುದು ಬೇಡ. ಗುರುತಿಗೆ ಬೇಕಾದಷ್ಟೇ ಸಾಕು. ಮೂರನೆಯದಾಗಿ, ಸಾಲವನ್ನು ನಿರಾಕರಿಸಿದಾಗ ಕಾರಣವನ್ನು ರೈತನಿಗೆ ಅವನ ನುಡಿಯಲ್ಲಿಯೇ ಬರೆದು ಕೊಡಲಿ. ತಪ್ಪಿದ್ದರೆ ತಿದ್ದುವ ಅವಕಾಶವು ಅವನಿಗೂ ಇರಲಿ. ತನ್ನ ವಿಷಯವಾಗಿ ತನಗಿಂತ ಬಲ್ಲವರು ಇನ್ನಾರಿದ್ದಾರೆ?

ಧರ್ಮಶಾಸ್ತ್ರಕ್ಕೆ ನಾವು ಸ್ಮೃತಿಯೆಂದು ಹೆಸರಿಟ್ಟಿದ್ದೇವೆ. ಸ್ಮೃತಿಯೆಂದರೆ ನೆನಪು. ನೆನಪು ಉಳ್ಳ ಸಂಸ್ಥೆಯು ಧರ್ಮದಿಂದ ನಡೆಯಬಲ್ಲುದು; ನೆನಪು ತಪ್ಪಿದ ಸಂಸ್ಥೆಯು ಎಷ್ಟು ದೊಡ್ಡದಾದರೂ ಕುರುಡಾಗುತ್ತದೆ. ಕೆರೆಯ ಕಡೆಯ ಆ ರೈತನು ಈಗಲೂ ಇದ್ದಾನೆ. ಅವನ ಕಡತದ ಅಂಚಿನಲ್ಲಿ ಆ ಅಧಿಕಾರಿಗಳು ನಮ್ಮೆದುರಿಗೇ ಕೆಂಪು ಮಸಿಯಲ್ಲಿ "ಕೆರೆಯ ಕಡೆ" ಎಂದು ಬರೆಸಿದ್ದರು. ಆ ಕಾಗದವು ಈಗ ಎಲ್ಲಿದೆಯೋ, ಅದರ ಎರಡು ಮಾತುಗಳು ಕಂಪ್ಯೂಟರಿಗೆ ಏರಿದುವೋ ಇಲ್ಲವೋ ಎಂದು ಮೊನ್ನೆ ಬ್ಯಾಂಕಿನ ಬೆಂಚಿನ ಮೇಲೆ ಕುಳಿತಾಗ ಯೋಚಿಸಿದೆನು. ಏರಿರಲಿ ಎಂಬುದು ನನ್ನ ಹಾರೈಕೆ. ಬಲ್ಲ ವಾಚಕರು ತಮ್ಮ ತಮ್ಮ ಊರಿನ ಇಂತಹ ಸಂಗತಿಗಳನ್ನು ಬರೆದು ತಿಳಿಸಿದರೆ ಉಪಕಾರವಾಗುವುದು. ಹಾಗೆ ಬರೆದಿಡುವುದೂ ಚರಿತ್ರೆಯೇ.